ದೊಡ್ಡಳಿಯ ಹಾಕಿಕೊಟ್ಟ ಸಾಫ್ಟ್‌ವೇರ್

ಸೀಡಿಯಣ್ಣನಿಗೆ ತನ್ನ ಷಡ್ಡಕನನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಅವನ ಹೆಂಡತಿಗೆ ಗೊತ್ತಿತ್ತು, ಅವನ ಅಂಗಡಿಯ ಮುಂದೆ ಕೂತು ಚಪ್ಪಲಿ ಹೊಲಿಯುವವನಿಗೂ ಗೊತ್ತಿತ್ತು. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ, ತನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು, ಎದುರಿಗೆ ಬಂದರೆ ಎದ್ದು ನಿಂತು "ಬನ್ನಿ ಅಣ್ಣ" ಎನ್ನುವವನು. ಅಂಥವನ ಮೇಲೆ ಯಾಕಯ್ಯಾ ಇಷ್ಟು ಉರಿ ಎಂದು ಕೇಳಿದರೆ, "ಉರಿ ಗಿರಿ ಏನಿಲ್ಲ, ಅವನು ಸ್ವಲ್ಪ ಜಾಸ್ತಿ ಇಸ್ತ್ರಿ ಮಾಡ್ಕೊಂಡು ಓಡಾಡ್ತಾನೆ, ಅಷ್ಟೇ" ಎನ್ನುತ್ತಿದ್ದ. ಇಸ್ತ್ರಿ ಅಂಗಿ ಹಾಕಿಕೊಂಡವರನ್ನೆಲ್ಲ ದ್ವೇಷಿಸುತ್ತಾ ಹೋದರೆ ಬದುಕುವುದು ಹೇಗೆ? ಅದು ಹೊಟ್ಟೆಕಿಚ್ಚೇ, ಬೇರೇನಲ್ಲ.

ಸೀಡಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತು ವರ್ಷದ ಹಿಂದೆ, ಮನೆಮನೆಗೂ ಕಂಪ್ಯೂಟರ್ ಬರತೊಡಗಿದ್ದ ಕಾಲದಲ್ಲಿ, ಹೆಗಲಿಗೆ ಕಪ್ಪು ಚೀಲ ನೇತುಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ. ಚೀಲದಲ್ಲಿ ಅರವತ್ತು ಎಪ್ಪತ್ತು ಸೀಡಿ. ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಅವನದೇ ಅಕ್ಷರ: ಓಎಸ್, ಫೋಟೊ, ಅಕ್ಷರ ಜೋಡಣೆ, ಮನೆ ನಕ್ಷೆ. ಒಂದನ್ನೂ ಅಂಗಡಿಯಿಂದ ಕೊಂಡದ್ದಲ್ಲ. ಎಲ್ಲದಕ್ಕೂ ಬೀಗ ಒಡೆಯುವ ಕ್ರ್ಯಾಕ್ ಜೊತೆಗೇ ಇರುತ್ತಿತ್ತು. ಯಾರಾದರೂ ಕಳ್ಳಮಾಲು ಎಂದರೆ ಅವನಿಗೆ ನೆತ್ತಿಗೇರುತ್ತಿತ್ತು. "ಕಂಪನಿಯವರ ಮನೆಯಿಂದ ಏನಾದ್ರೂ ಹೊತ್ಕೊಂಡು ಬಂದ್ನಾ? ಅವರದು ಅವರ ಹತ್ರಾನೇ ಇದೆ, ನಿಮ್ಮದು ನಿಮ್ಮ ಹತ್ರ ಇದೆ" ಎಂದು ವಾದಕ್ಕೆ ನಿಲ್ಲುತ್ತಿದ್ದ. ಕೇಳಿದವರಿಗೂ ಅದು ಸರಿಯೆನಿಸುತ್ತಿತ್ತು. ಪುಕ್ಕಟೆ ಸಿಗುವ ವಸ್ತುವಿನ ವಿಷಯದಲ್ಲಿ ಜನ ಬೇಗ ಒಪ್ಪಿಕೊಳ್ಳುತ್ತಾರೆ.

ಈಗ ಸೀಡಿಗಳ ಕಾಲ ಹೋಯಿತು. ಸೈಕಲ್ ಹೋಗಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಅಂಗಡಿಯಾಯಿತು. ಒಂದು ಮೇಜು, ಗೋಡೆಗೆ ಒರಗಿಸಿಟ್ಟ ಬಿಚ್ಚಿದ ಕೀಬೋರ್ಡುಗಳು, ಡಬ್ಬದ ತುಂಬ ಸ್ಕ್ರೂ, ಚೀಲದ ಬದಲು ಕೀಗೊಂಚಲಿನಲ್ಲಿ ತೂಗುವ ಪೆನ್ ಡ್ರೈವ್. ಆದರೆ ಅವನ ಕೆಲಸದ ಕ್ರಮ ಮಾತ್ರ ಬದಲಾಗಲಿಲ್ಲ. ಕಂಪ್ಯೂಟರನ್ನೇ ನಡೆಸುವ ಮೂಲ ಸಾಫ್ಟ್‌ವೇರಾದ ಓಎಸ್ ಹಾಕಿದ ಕೂಡಲೇ ಮೊದಲು ಮಾಡುತ್ತಿದ್ದುದು ಎರಡು ಕೆಲಸ. ಒಂದು, ಕಂಪ್ಯೂಟರಿನ ಒಳಗೇ ಇರುವ ವೈರಸ್ ಕಾವಲುಗಾರನನ್ನು ಮಲಗಿಸುವುದು. ಯಾಕೆಂದರೆ ಆ ಕಾವಲುಗಾರನ ಕಣ್ಣಿಗೆ ಕ್ರ್ಯಾಕ್‌ಗಳೆಲ್ಲ ವೈರಸ್ಸೇ. ಇನ್ನೊಂದು, ಕ್ರ್ಯಾಕನ್ನು ಕೆಡಿಸುವ ಅಪ್‌ಡೇಟ್ ನಿಲ್ಲಿಸುವುದು. ಇದಕ್ಕೆ ಸೀಡಿಯಣ್ಣ "ಬಾಯಿ ಕಟ್ಟೋದು" ಎನ್ನುತ್ತಿದ್ದ. ಹೊರಡುವಾಗ ಗಿರಾಕಿಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಅಪ್‌ಡೇಟ್ ಅಂತ ಏನಾದ್ರೂ ಬಂದ್ರೆ ಮುಟ್ಟಬೇಡಿ, ನಂಗೊಂದು ಫೋನ್ ಮಾಡಿ."

ಅವನು ಹಾಕಿಕೊಟ್ಟ ನೂರಾರು ಕಂಪ್ಯೂಟರುಗಳಲ್ಲಿ ಅವನಿಗೆ ಹೆಮ್ಮೆಯೆಂದರೆ ಒಂದೇ, ಅತ್ತೆಯ ಮನೆಯದು.

ಮಾವ ತೀರಿಕೊಂಡ ವರ್ಷ ಅತ್ತೆ ಕೈಕಟ್ಟಿ ಕೂರಲಿಲ್ಲ. ಮುಂದಿನ ಕೋಣೆಯ ಮಂಚ ತೆಗೆಸಿ ಅಲ್ಲೊಂದು ಎಂಬ್ರಾಯ್ಡರಿ ಮೆಷಿನ್ ಇಡಿಸಿದರು. ಆರು ಸೂಜಿಯ ಮೆಷಿನ್ನು, ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ತಾನೇ ಹೊಲಿಯುತ್ತದೆ. ಆದರೆ ಆ ಚಿತ್ರ ಬರೆಯುವ ಸಾಫ್ಟ್‌ವೇರಿನ ಬೆಲೆ ಕೇಳಿ ಅತ್ತೆ ಮೆಷಿನ್ನನ್ನೇ ವಾಪಸ್ ಕಳಿಸಲು ಹೊರಟಿದ್ದರು. ಆ ಸಾಫ್ಟ್‌ವೇರಿಗೆ ಬೆರಳುದ್ದದ ಒಂದು ಕೀಲಿ ಬರುತ್ತದೆ, ಡಾಂಗಲ್ ಅನ್ನುತ್ತಾರೆ. ಅದನ್ನು ಕಂಪ್ಯೂಟರಿಗೆ ಚುಚ್ಚಿದ್ದರೆ ಮಾತ್ರ ಅದು ಕೆಲಸ ಮಾಡೀತು. ಸೀಡಿಯಣ್ಣ ಹನ್ನೊಂದು ದಿನ ಹುಡುಕಿ, ಕೀಲಿ ಇಲ್ಲದಿದ್ದರೂ ಇದೆ ಎಂದು ಕಂಪ್ಯೂಟರನ್ನು ನಂಬಿಸುವ ಒಂದು ಕ್ರ್ಯಾಕ್ ತಂದು ಹಾಕಿಕೊಟ್ಟ. ಮೆಷಿನ್ ಓಡಿತು. ಶಾಲೆಯ ಅಂಗಿ, ಕಾರ್ಖಾನೆಯ ಟೋಪಿ, ಆಮೇಲೆ ದೊಡ್ಡ ಆಸ್ಪತ್ರೆಯೊಂದರ ಕೋಟುಗಳು. ಬಂದವರಿಗೆಲ್ಲ ಅತ್ತೆ, "ನಮ್ಮ ದೊಡ್ಡಳಿಯ ಇಲ್ದೇ ಹೋಗಿದ್ರೆ ಇದ್ಯಾವುದೂ ಆಗ್ತಿರಲಿಲ್ಲ" ಎಂದು ಹೇಳುತ್ತಿದ್ದರು. ಈ ಒಂದು ವಾಕ್ಯದ ಮೇಲೆ ಸೀಡಿಯಣ್ಣ ಹನ್ನೆರಡು ವರ್ಷ ಬದುಕಿದ.

ಕ್ರ್ಯಾಕ್ ಹಾಕಿದ ಸಾಫ್ಟ್‌ವೇರ್ ತಾನೇ, ಆಗಾಗ ಕೈ ಕೊಡುತ್ತಿತ್ತು. ವಾರಕ್ಕೊಮ್ಮೆಯಾದರೂ ಅತ್ತೆಯ ಫೋನ್ ಬರುತ್ತಿತ್ತು: "ಅಳಿಯಂದ್ರೇ, ಮತ್ತೆ ನಿಂತುಹೋಯ್ತು." ಇವನು ಅಂಗಡಿಯ ಷಟರ್ ಅರ್ಧ ಎಳೆದು ಓಡುತ್ತಿದ್ದ. ಎರಡು ನಿಮಿಷದ ಕೆಲಸ. ಆಮೇಲೆ ಒಂದು ಗಂಟೆ ಚಹಾ, ಮಾತು. ಮಾತಿನಲ್ಲಿ ಅತ್ತೆ ಮನೆಯ ಕಷ್ಟಸುಖವೆಲ್ಲ ಇವನ ಮುಂದಿಡುತ್ತಿದ್ದರು. ತಂದೆತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನಿಗೆ ಆ ಕಂಪ್ಯೂಟರಿನ ಮುಂದಿನ ಕುರ್ಚಿ ಎಂದರೆ ಬರೀ ಕುರ್ಚಿಯಲ್ಲ.

ಇಂಥ ಮನೆಗೆ ಚಿಕ್ಕಳಿಯ ಬಂದ. ಬಂದವನು ಬ್ಯಾಂಕಿನವನೋ ಮೇಷ್ಟ್ರೋ ಆಗಿದ್ದರೆ ಸೀಡಿಯಣ್ಣ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವನ ಗ್ರಹಚಾರ ನೋಡಿ, ಅವನ ಕೆಲಸ ಅಸಲಿ ಸಾಫ್ಟ್‌ವೇರ್ ಮಾರುವುದು. ಗಾಜಿನ ಬಾಗಿಲಿನ ಆಫೀಸು, ಕೊರಳಲ್ಲಿ ಗುರುತಿನ ಚೀಟಿ, ಬಾಯಿ ತೆರೆದರೆ ಲೈಸೆನ್ಸು. ಸೀಡಿಯಣ್ಣ ಅವನನ್ನು ಬೇಕೆಂದೇ "ನೀವು, ತಾವು" ಎಂದು ಮಾತಾಡಿಸುತ್ತಿದ್ದ. ಅದು ಗೌರವಕ್ಕಲ್ಲ, ದೂರ ಇಡುವುದಕ್ಕೆ. ಅತ್ತೆ ಅವನಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದರೆ ಇವನು ಲೆಕ್ಕ ಇಡುತ್ತಿದ್ದ. ಅವನು ತಂದ ಗೋಡೆ ಗಡಿಯಾರವನ್ನು ಅತ್ತೆ ಬಾಗಿಲ ಮೇಲೆಯೇ ಹಾಕಿಸಿದ್ದಕ್ಕೆ ಮನೆಗೆ ಬಂದು ಹೆಂಡತಿಯ ಹತ್ತಿರ, "ಆ ಗಡಿಯಾರ ಎರಡು ನಿಮಿಷ ಹಿಂದೆ ಇದೆ, ನೋಡಿದ್ಯಾ?" ಎಂದ.

"ರೀ, ಎರಡು ನಿಮಿಷಕ್ಕೆ ಯಾರೂ ಸಾಯಲ್ಲ, ಊಟ ಮಾಡಿ" ಎಂದಳು ಅವಳು.

ಹೀಗೆ ನಡೆಯುತ್ತಿರುವಾಗ ಓಎಸ್ ಕಂಪನಿಯವರು ಒಂದು ದೊಡ್ಡ ಅಪ್‌ಡೇಟ್ ಬಿಟ್ಟರು. ಅಂತಿಂಥದ್ದಲ್ಲ. ಹಳೆಯ ಓಎಸ್‌ಗೆ ಇನ್ನು ಮುಂದೆ ನಾವು ಜವಾಬ್ದಾರರಲ್ಲ, ಎಲ್ಲರೂ ಹೊಸದಕ್ಕೆ ಬನ್ನಿ, ನಿಮ್ಮ ಕಂಪ್ಯೂಟರ್ ಹಳೆಯದಾಗಿದ್ದರೆ ಹೊಸ ಕಂಪ್ಯೂಟರೇ ತೆಗೆದುಕೊಳ್ಳಿ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಊರಿನ ಆಫೀಸುಗಳೆಲ್ಲ ಗಡಿಬಿಡಿಗೆ ಬಿದ್ದವು. ಅತ್ತೆಗೂ ಆಸ್ಪತ್ರೆಯಿಂದ ಒಂದು ಪತ್ರ ಬಂತು: ನಮ್ಮ ಕೆಲಸಗಾರರ ಹೆಸರು ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ, ಹಳೆಯ ಓಎಸ್ ಇರುವವರಿಗೆ ಈ ತಿಂಗಳ ಕೊನೆಯಿಂದ ಆರ್ಡರ್ ಕೊಡುವುದಿಲ್ಲ.

ಅತ್ತೆ ಇಬ್ಬರು ಅಳಿಯಂದಿರನ್ನೂ ಕೂರಿಸಿಕೊಂಡು ಪತ್ರ ಓದಿದರು.

"ಈ ಕಂಪ್ಯೂಟರ್‌ಗೆ ಹನ್ನೆರಡು ವರ್ಷ ಆಯ್ತಲ್ವಾ ಅತ್ತೆ, ಹೊಸದಕ್ಕೆ ಹೋಗೋದೇ ಒಳ್ಳೇದು. ಭಾನುವಾರ ಬಂದು ನೋಡ್ತೀನಿ" ಎಂದ ಚಿಕ್ಕಳಿಯ. ಮೆತ್ತಗೇ ಹೇಳಿದ.

"ಅಷ್ಟೆಲ್ಲ ಯಾಕೆ? ಅದೇ ಕಂಪ್ಯೂಟರ್‌ಗೆ ಹೊಸ ಓಎಸ್ ಹಾಕಿದ್ರಾಯ್ತು. ತಾವು ಯಾಕೆ ಭಾನುವಾರ ಹಾಳು ಮಾಡ್ಕೊಳ್ತೀರಿ?" ಎಂದ ಸೀಡಿಯಣ್ಣ.

ಅತ್ತೆ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. "ಇಬ್ರೂ ಸೇರಿ ನೋಡಿ. ಸೋಮವಾರ ಬೆಳಿಗ್ಗೆ ಹೊಸದಾಗಿ ಸೇರಿದ ಎಪ್ಪತ್ತು ಜನರ ಕೋಟು ಹೊಲಿಗೆಗೆ ಕೂರಬೇಕು. ಒಂದೊಂದಕ್ಕೂ ಒಂದೊಂದು ಹೆಸರು" ಎಂದರು.

ಇಬ್ರೂ ಸೇರಿ! ಆ ಮಾತು ಸೀಡಿಯಣ್ಣನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಹನ್ನೆರಡು ವರ್ಷ ಒಬ್ಬನೇ ನೋಡಿಕೊಂಡ ಕಂಪ್ಯೂಟರ್. ಅದರ ಫ್ಯಾನು ಯಾವ ತಿಂಗಳು ಗೊರಗುಟ್ಟುತ್ತದೆ ಎಂಬುದೂ ಅವನಿಗೆ ಗೊತ್ತು. ಭಾನುವಾರ ಆ ಇಸ್ತ್ರಿ ಅಂಗಿ ಬಂದು ತನ್ನ ಕುರ್ಚಿಯಲ್ಲಿ ಕೂತು, ಇದು ಹೀಗಲ್ಲ ಅಣ್ಣ, ಇದು ಹಾಗೆ ಎಂದು ಅತ್ತೆಯ ಮುಂದೆ ಹೇಳಿದರೆ ತನ್ನ ಗತಿ ಏನು? ಒಮ್ಮೆ ಅವನು ಆ ಕುರ್ಚಿಯಲ್ಲಿ ಕೂತನೆಂದರೆ ಮುಗಿಯಿತು. ಅತ್ತೆಯ ಫೋನು ಅವನಿಗೇ ಹೋಗುತ್ತದೆ, ಮನೆಯ ಮಾತು ಅವನ ಮುಂದೇ ನಡೆಯುತ್ತದೆ. ತಾನು ವರ್ಷಕ್ಕೆರಡು ಸಲ ಬಂದು ಸೋಫಾದ ತುದಿಯಲ್ಲಿ ಕೂತು ಹೋಗುವ ನೆಂಟನಾಗುತ್ತೇನೆ. ಇಲ್ಲ, ಅವನು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಅವನು ಬಾಗಿಲಲ್ಲಿ ನಿಂತು ನೋಡಿ, ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಹೋಗಬೇಕು.

ಶನಿವಾರ ಮಧ್ಯಾಹ್ನ ಅತ್ತೆ ದಾರದ ಅಂಗಡಿಗೆ ಹೋಗಿದ್ದ ಹೊತ್ತು ನೋಡಿ ಕೆಲಸಕ್ಕೆ ಕೂತ. ಹನ್ನೆರಡು ವರ್ಷದ ಚಿತ್ರಗಳನ್ನೆಲ್ಲ ಜೋಪಾನವಾಗಿ ಬೇರೆ ಡಿಸ್ಕಿಗೆ ತೆಗೆದಿಟ್ಟ. ಆ ವಿಷಯದಲ್ಲಿ ಅವನ ಕೈ ಶುದ್ಧ. ಆಮೇಲೆ ಹಳೆಯದನ್ನೆಲ್ಲ ಅಳಿಸಿದ. ಹೊಸ ಓಎಸ್, ಈ ಮುದಿ ಕಂಪ್ಯೂಟರಿಗೆ ನಾನು ಬರುವುದಿಲ್ಲ ಎಂದು ಹಟ ಹಿಡಿಯಿತು. ಆ ತಪಾಸಣೆಯ ಕಣ್ಣು ತಪ್ಪಿಸುವ ಉಪಾಯ ಅವನಿಗೆ ಗೊತ್ತಿತ್ತು. ಒಂದೂವರೆ ಗಂಟೆಯಲ್ಲಿ ಪರದೆಯ ಮೇಲೆ ಹೊಸ ಓಎಸ್ ಥಳಥಳ ಹೊಳೆಯಿತು. ಅದೂ ಕಾಸು ಕೊಡದ್ದೇ. ಸೀಡಿಯಣ್ಣ ಕುರ್ಚಿಗೆ ಒರಗಿ, ಮನಸ್ಸಿನಲ್ಲೇ ಷಡ್ಡಕನನ್ನು ಕರೆಸಿ, ಬಾಗಿಲಲ್ಲಿ ನಿಲ್ಲಿಸಿ, ತೋರಿಸಿ, ವಾಪಸ್ ಕಳಿಸಿದ. ಎರಡು ಸಲ ಕಳಿಸಿದ. ಆ ಖುಷಿಯಲ್ಲೇ ಕೀಗೊಂಚಲಿನಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದ.

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮರೆಯದ್ದನ್ನು ಅವತ್ತು ಮರೆತ. ಕಾವಲುಗಾರನನ್ನು ಮಲಗಿಸಿರಲಿಲ್ಲ.

ಹೊಸ ಓಎಸ್‌ನ ಕಾವಲುಗಾರ ಹಳೆಯವನಂತೆ ಕೇಳಿ ಮಾಡುವವನಲ್ಲ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಮೂಡಿತು: ಅಪಾಯ ಕಂಡುಬಂತು, ತೆಗೆದುಹಾಕಲಾಗಿದೆ. ಸೀಡಿಯಣ್ಣ ಪೆನ್ ಡ್ರೈವ್ ತೆರೆದು ನೋಡಿದ. ಕ್ರ್ಯಾಕ್ ಅಲ್ಲದ್ದೆಲ್ಲ ಇತ್ತು. ಎಂಬ್ರಾಯ್ಡರಿಯ ಕ್ರ್ಯಾಕ್ ಇದ್ದ ಜಾಗ ಖಾಲಿ. ಆ ಕ್ರ್ಯಾಕ್ ಇಟ್ಟಿದ್ದ ವೆಬ್‌ಸೈಟು ಮುಚ್ಚಿ ಎಂಟು ವರ್ಷವಾಗಿತ್ತು. ಅಂಗಡಿಗೆ ಓಡಿ ಹಳೆಯ ಸೀಡಿ ಹುಡುಕಿ ತಂದ. ಅದು ಗಿರ್ರೆಂದು ತಿರುಗಿತು, ತಿರುಗಿತು, ಓದಲಾಗದು ಎಂದಿತು. ಒರೆಸಿ ಹಾಕಿದ, ಉಸಿರು ಊದಿ ಒರೆಸಿ ಹಾಕಿದ. ಹಳೆಯ ಓಎಸ್ ಬೇಕಾದರೆ ಹತ್ತು ಸಲ ವಾಪಸ್ ಹಾಕಬಹುದಿತ್ತು, ಆದರೆ ಕ್ರ್ಯಾಕ್ ಇಲ್ಲದೆ ಏನು ಮಾಡುವುದು? ಎರಡು ಸಾವಿರ ಚಿತ್ರಗಳು ಡಿಸ್ಕಿನಲ್ಲಿ ಕ್ಷೇಮವಾಗಿದ್ದವು, ತೆರೆಯುವುದಕ್ಕೆ ಮಾತ್ರ ದಾರಿಯಿರಲಿಲ್ಲ. ಆಸ್ಪತ್ರೆಯ ಎಪ್ಪತ್ತು ಹೆಸರುಗಳಲ್ಲಿ ಒಂದನ್ನೂ ಬರೆಯುವಂತಿರಲಿಲ್ಲ.

ಅತ್ತೆ ದಾರದ ಚೀಲ ಹಿಡಿದು ಬಂದಾಗ, "ಇನ್ನು ಸ್ವಲ್ಪ ಕೆಲಸ ಇದೆ ಅತ್ತೆ, ಬೆಳಿಗ್ಗೆ ಬೇಗ ಬಂದು ಮುಗಿಸ್ತೀನಿ" ಎಂದು ಸುಳ್ಳು ಹೇಳಿ ಹೊರಟ.

ದಾರಿಯಲ್ಲಿ ಅವನ ಕಣ್ಣ ಮುಂದೆ ಬರುತ್ತಿದ್ದುದು ಅತ್ತೆಯ ನಷ್ಟವಲ್ಲ. ಇದನ್ನು ಹೇಳಲು ನಾಚಿಕೆಯಾಗಬೇಕು, ಆದರೆ ನಿಜ ಅದೇ. ಷಡ್ಡಕ ನಾಳೆ ತಲೆ ಅಲ್ಲಾಡಿಸಿ, "ಅಯ್ಯೋ, ಹೋಗಲಿ ಬಿಡಿ ಅಣ್ಣ" ಎನ್ನುವ ದೃಶ್ಯ ಕಾಣುತ್ತಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯುವವನಲ್ಲ, ಅದೇ ದೊಡ್ಡ ಕಷ್ಟ.

ಭಾನುವಾರ ಏಳು ಗಂಟೆಗೇ ಹೋದ. ಹೊರಡುವ ಮುಂಚೆ ಗೊತ್ತಿದ್ದ ನಾಲ್ಕಾರು ಜನರಿಗೆ ಫೋನ್ ಮಾಡಿ ಆಗಿತ್ತು. ಯಾರ ಹತ್ತಿರವೂ ಆ ಕ್ರ್ಯಾಕ್ ಇರಲಿಲ್ಲ. ಅತ್ತೆ ಹೊಸ್ತಿಲಲ್ಲೇ ಮುಖ ನೋಡಿ, "ಏನಾಯ್ತು?" ಎಂದರು.

"ಕೆಟ್ಟುಹೋಯ್ತು ಅತ್ತೆ. ನಾನೇ ಕೆಡಿಸ್ದೆ. ಅವಸರ ಮಾಡ್ದೆ. ಇನ್ನು ಆ ಸಾಫ್ಟ್‌ವೇರ್ ಬರಲ್ಲ."

ಅತ್ತೆ ಅಲ್ಲಿಂದಲೇ ತಿರುಗಿದರು. ಒಳಗಿನ ಕೋಣೆಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದು, ಬಟ್ಟೆ ಸರಿಸಿದ ಸದ್ದು. ಬಂದವರ ಕೈಯಲ್ಲಿ ಒಂದು ರಟ್ಟಿನ ಡಬ್ಬವಿತ್ತು. ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಹರಿದಿರಲಿಲ್ಲ. ಹೆಸರು ಓದಿದ ಸೀಡಿಯಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅದೇ ಸಾಫ್ಟ್‌ವೇರು. ಅಸಲಿ.

"ಇದು ಯಾವಾಗ ತಗೊಂಡ್ರಿ?"

"ನಾಲ್ಕು ವರ್ಷ ಆಯ್ತು. ಆಸ್ಪತ್ರೆ ಕೆಲಸ ಹಿಡಿಯುವಾಗ ಸಾಫ್ಟ್‌ವೇರ್ ಕೊಂಡಿದ್ದಕ್ಕೆ ಬಿಲ್ ತೋರಿಸಿ ಅಂದ್ರು. ಚಿಕ್ಕಳಿಯಂದ್ರಿಗೆ ಹೇಳಿ ತರಿಸ್ದೆ. ಬಿಲ್ ತೋರಿಸ್ದೆ, ಡಬ್ಬ ಒಳಗಿಟ್ಟೆ."

"ಮತ್ತೆ ಹಾಕಿಸಲಿಲ್ಲ ಯಾಕೆ? ನಂದು ವಾರಕ್ಕೊಂದು ಸಲ ಕೆಟ್ಟು ಕೂರ್ತಿತ್ತಲ್ಲ?"

"ಕೂರ್ತಿತ್ತು" ಎಂದರು ಅತ್ತೆ. ಡಬ್ಬದ ಮೇಲಿದ್ದ ಬಟ್ಟೆಯ ಎಳೆಯೊಂದನ್ನು ತೆಗೆದರು. "ಇದು ಕೆಡಲ್ಲವಂತೆ. ಕೆಡದಿದ್ರೆ ನೀವು ಯಾಕೆ ಬರ್ತೀರಿ? ಸುಮ್ನೆ ಕರೆದ್ರೆ ಒಂದು ದಿನ ಬರ್ತೀರಿ, ಇನ್ನೊಂದು ದಿನ ಅಂಗಡಿ ಅಂತೀರಿ. ಅಲ್ಲದೆ, ನೀವು ಹಾಕಿಕೊಟ್ಟದ್ದನ್ನ ತೆಗೆದು ಅವರದ್ದನ್ನ ಹಾಕಿಸಿದ್ರೆ ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿರಲಿಲ್ಲ."

ಸೀಡಿಯಣ್ಣ ಡಬ್ಬ ಹಿಡಿದು ಕುರ್ಚಿಯಲ್ಲಿ ಕೂತ. ತನ್ನ ಕಳ್ಳ ಸಾಫ್ಟ್‌ವೇರಿನ ಕಾಟವನ್ನು ಅತ್ತೆ ನಾಲ್ಕು ವರ್ಷ ತನಗಾಗಿ ಸಹಿಸಿಕೊಂಡಿದ್ದರು. ಅದಕ್ಕೆ ಕಣ್ಣು ತುಂಬಬೇಕಿತ್ತು, ತುಂಬಿತೂ ಸಹ. ಆದರೆ ಅದರ ಬೆನ್ನಿಗೇ ಹಳೆಯ ಉರಿ ಎದ್ದು ಬಂತು. ಆ ಷಡ್ಡಕನಿಗೆ ಗೊತ್ತಿತ್ತು! ನಾಲ್ಕು ವರ್ಷ ಅವನು ಆ ಸೋಫಾದಲ್ಲಿ ಕೂತು, ತಾನು ಕ್ರ್ಯಾಕ್ ಜೊತೆ ಗುದ್ದಾಡುವುದನ್ನು ನೋಡಿದ್ದಾನೆ. ಒಳಗೆ ಬೀರುವಿನಲ್ಲಿ ತಾನೇ ತಂದ ಅಸಲಿ ಮಾಲು ಇದೆ ಎಂದು ಗೊತ್ತಿದ್ದೂ ಚಹಾ ಕುಡಿದಿದ್ದಾನೆ. ಒಂದು ದಿನವೂ ತುಟಿ ಬಿಚ್ಚಲಿಲ್ಲ. ತಾನಾಗಿದ್ದರೆ ನಾಲ್ಕು ನಿಮಿಷ ಸುಮ್ಮನಿರುತ್ತಿದ್ದೆನೇ? ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಅಂಗಿಯಲ್ಲಿ, ಆಫೀಸಿನಲ್ಲಿ ಅವನು ಮೇಲಿದ್ದದ್ದು ಸಾಲದೆಂದು ಗುಣದಲ್ಲೂ ಮೇಲೆ ಹೋಗಿ ಕೂತನಲ್ಲ ಎಂದು ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು.

"ಅವರು ಬರಲಿ ಅತ್ತೆ, ಅವರೇ ಹಾಕಲಿ" ಎಂದ.

"ನಿಮ್ಮ ಕುರ್ಚಿ, ನೀವೇ ಹಾಕಿ" ಎಂದು ಅತ್ತೆ ಚಹಾಕ್ಕೆ ನೀರಿಡಲು ಹೋದರು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸೀಡಿಯಣ್ಣ ಅಸಲಿ ಡಬ್ಬವೊಂದನ್ನು ಒಡೆದ. ಕೀಲಿ ಚುಚ್ಚಿದ. ಕಾವಲುಗಾರ ತುಟಿಪಿಟಿಕ್ಕೆನ್ನಲಿಲ್ಲ. ಹೊಸ ಓಎಸ್‌ಗೆ ಬೇಕಾದ ಹೊಸ ಆವೃತ್ತಿಯನ್ನು ಸಾಫ್ಟ್‌ವೇರ್ ತಾನೇ ಕೇಳಿ ತಾನೇ ಇಳಿಸಿಕೊಂಡಿತು. ಇವನಿಗೆ ಮಾಡುವುದಕ್ಕೆ ಕೆಲಸವೇ ಇರಲಿಲ್ಲ, ಸುಮ್ಮನೆ ನೋಡುತ್ತಾ ಕೂತ. ಆಸ್ಪತ್ರೆಯ ಚಿತ್ರ ತೆರೆಯಿತು. ಮೊದಲನೆಯ ಹೆಸರು ಬರೆದ, ಮೆಷಿನ್ನಿಗೆ ಕಳಿಸಿದ. ಆರು ಸೂಜಿಗಳೂ ಸರಿಯಾಗಿ ಓಡಿದವು.

ಹತ್ತು ಗಂಟೆಗೆ ಷಡ್ಡಕ ಬಂದ. ಬಾಗಿಲಲ್ಲಿ ನಿಂತ. ಓಡುತ್ತಿದ್ದ ಮೆಷಿನ್ ನೋಡಿದ, ಮೇಜಿನ ಮೇಲೆ ಹರಿದುಬಿದ್ದಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ನೋಡಿದ. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತ.

"ನಾಲ್ಕು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲ ನೀವು" ಎಂದ ಸೀಡಿಯಣ್ಣ, ಪರದೆಯಿಂದ ಮುಖ ತಿರುಗಿಸದೆ.

"ಅತ್ತೆ ಹೇಳಬೇಡಿ ಅಂದಿದ್ರು."

"ಅತ್ತೆ ಅಂದ್ರು ಅಂತ ಸುಮ್ನಿದ್ರಾ? ಅಷ್ಟು ಒಳ್ಳೆಯವರಾ ತಾವು?"

ಷಡ್ಡಕ ಸೋಫಾದಲ್ಲಿ ಮುಂದಕ್ಕೆ ಬಾಗಿದ. ದನಿ ತಗ್ಗಿಸಿ ಹೇಳಿದ: "ಒಳ್ಳೆಯವನಲ್ಲ ಅಣ್ಣ. ನಂಗೆ ಹೊಟ್ಟೆ ಉರೀತಿತ್ತು. ನಾನು ಮಾರೋದೇ ಇದನ್ನ. ನಾನು ತಂದುಕೊಟ್ಟಿದ್ದು ಬೀರುವಿನಲ್ಲಿ ಸೀರೆ ಕೆಳಗೆ, ನೀವು ಎಲ್ಲಿಂದಲೋ ತಂದು ಹಾಕಿದ್ದು ಮೇಜಿನ ಮೇಲೆ. ಅದು ಕೆಟ್ಟರೂ ಅತ್ತೆಗೆ ಬೇಜಾರಿಲ್ಲ. ಅಳಿಯಂದ್ರು ಬರ್ತಾರೆ ಅಂತ ಖುಷಿಯಿಂದ ಚಹಾಕ್ಕೆ ಇಡ್ತಿದ್ರು. ನಾನು ಎಷ್ಟು ಸಲ ಬಂದ್ರೂ ನಂಗೆ ಆ ಕುರ್ಚಿ ತೋರಿಸಲಿಲ್ಲ. ಹೇಳಿಬಿಡೋಣ, ನಿಮ್ಮ ಮುಖ ಸಣ್ಣದಾಗಲಿ ಅಂತ ನಂಗೆ ಎಷ್ಟೋ ಸಲ ಅನ್ನಿಸಿದೆ. ಹೇಳಿದ್ರೆ ಇರೋ ಸೋಫಾನೂ ಹೋದೀತು ಅಂತ ಸುಮ್ನಿದ್ದೆ."

ಸೀಡಿಯಣ್ಣ ಕುರ್ಚಿ ತಿರುಗಿಸಿದ. ಇಸ್ತ್ರಿ ಮಾಡಿದ ಆ ಅಂಗಿ, ಅದರೊಳಗಿನ ಮನುಷ್ಯ, ಮಡಿಲಲ್ಲಿ ಬಿಗಿದುಕೊಂಡ ಅವನ ಎರಡು ಕೈ. ಇಷ್ಟು ವರ್ಷ ತನ್ನೊಬ್ಬನದೇ ಎಂದುಕೊಂಡಿದ್ದ ಉರಿ ಎದುರಿಗೆ ಕೂತು ತನ್ನನ್ನೇ ನೋಡುತ್ತಿತ್ತು. ಅವನಿಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಅದಕ್ಕಿಂತ ಮೊದಲು ತುಂಬ ಹಿತವೆನಿಸಿತು. ಎಷ್ಟು ಹಿತವೆಂದರೆ, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಂಡಿದ್ದವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಮೆಷಿನ್ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಕಣೋ" ಎಂದ. "ಏನಂದೆ, ಇನ್ನೊಂದು ಸಲ ಹೇಳು."